ಎಂಜಿನ್ನು ಮುಗ್ಗರಿಸಿದಾಗ ಮೊದಲು ಏನು ನೋಡಬೇಕು?

ಬತ್ತ ತೆನೆ ಹೊರಡುವ ಸಮಯ. ಗದ್ದೆಗೆ ನೀರು ಕಟ್ಟಬೇಕು. ನಿನ್ನೆಯವರೆಗೆ ಒಂದೇ ಸಮನೆ ಓಡುತ್ತಿದ್ದ ಡೀಸೆಲ್ ಎಂಜಿನ್ನು ಇವತ್ತು ಮುಗ್ಗರಿಸುತ್ತೆ, ಏದುಸಿರು ಬಿಡುತ್ತೆ. ಈಗ ನೀರು ತಪ್ಪಿದರೆ ಕಾಳು ಜೊಳ್ಳಾಗುತ್ತದೆ. ಅಂತ ಗಾಬರಿಯಿಂದ ಕೈಗೆ ಸಿಕ್ಕ ನಟ್ಟನ್ನೆಲ್ಲ ಬಿಚ್ಚಬೇಡಿ. ಬಿಚ್ಚಿದ ಮೇಲೆ ಮೊದಲಿದ್ದ ದೋಷ ಯಾವುದು, ನಾವು ಮಾಡಿದ್ದು ಯಾವುದು ಅಂತಲೇ ತಿಳಿಯುವುದಿಲ್ಲ. ಕ್ರಮವಾಗಿ ನೋಡಿದರೆ ಅರ್ಧ ದೋಷಗಳು ಖರ್ಚಿಲ್ಲದೆ ಸಿಗುತ್ತವೆ.

ಡೀಸೆಲ್ ಎಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ಗು ಇಲ್ಲ. ಸಿಲಿಂಡರಿನೊಳಗೆ ಗಾಳಿಯನ್ನು ಬಲವಾಗಿ ಅದುಮಿದಾಗ ಅದು ವಿಪರೀತ ಕಾಯುತ್ತದೆ. ಆ ಗಾಳಿಗೆ ನಾಜಲು ಡೀಸೆಲನ್ನು ಮಂಜಿನಂತೆ ಎರಚಿದಾಗ ತಾನಾಗಿ ಹೊತ್ತಿಕೊಳ್ಳುತ್ತದೆ. ಲಿಸ್ಟರ್ ಮಾದರಿಯ 6 ಅಶ್ವಶಕ್ತಿಯ ಹಳೆಯ ಎಂಜಿನ್ನು ನಿಮಿಷಕ್ಕೆ 650 ಸುತ್ತು ತಿರುಗುತ್ತದೆ. ಎರಡು ಸುತ್ತಿಗೊಮ್ಮೆ ಉರಿ, ಅಂದರೆ ನಿಮಿಷಕ್ಕೆ 325 ಸಲ. ಇವುಗಳಲ್ಲಿ ಕೆಲವು ತಪ್ಪಿದರೇನೇ ನಮಗೆ ಮುಗ್ಗರಿಸಿದಂತೆ ಕೇಳುವುದು. ತಪ್ಪದಿರಬೇಕಾದರೆ ಶುದ್ಧ ಡೀಸೆಲ್, ಸಾಕಷ್ಟು ಗಾಳಿ, ಗಟ್ಟಿ ಒತ್ತಡ, ಈ ಮೂರು ಬೇಕು.

ಮೊದಲನೆಯದು: ಎಂಜಿನ್ನು ನಿಲ್ಲಿಸಿ, ಬೆಲ್ಟು ತೆಗೆದು, ಮತ್ತೆ ಚಾಲೂ ಮಾಡಿ. ಈಗ ನೆಟ್ಟಗೆ ಓಡಿದರೆ ಮೊದಲು ನೀರಿನ ಪಂಪಿನ ಕಡೆ ನೋಡಿ. ಪಂಪನ್ನು ಕೈಯಿಂದ ತಿರುಗಿಸಿ. ಬಿಗಿಯಾಗಿದ್ದರೆ ದೋಷ ಅಲ್ಲೇ ಇದೆ.

ಎರಡನೆಯದು ಡೀಸೆಲ್. ಒಮ್ಮೆ ಜೋರು, ಒಮ್ಮೆ ನಿಧಾನ ಓಡಿ ಕೊನೆಗೆ ನಿಂತರೆ, ಕೊಳವೆಯಲ್ಲಿ ಗಾಳಿ ಸೇರಿದೆ ಅಂತ ಅನುಮಾನಿಸಿ. ಟ್ಯಾಂಕು ಪೂರ್ತಿ ಬರಿದಾಗಲು ಬಿಟ್ಟರೆ ಹೀಗೇ ಆಗೋದು. ಟ್ಯಾಂಕಿನ ಮುಚ್ಚಳದ ಸಣ್ಣ ತೂತು ಕಟ್ಟಿಕೊಂಡಿದ್ದರೆ ಬಿಡಿಸಿ. ತಳದಲ್ಲಿ ನಿಂತ ನೀರು, ಕೆಸರನ್ನು ಹೊರಕ್ಕೆ ಬಿಡಿ. ಫಿಲ್ಟರಿನ ಮೇಲೆ ಗಾಳಿ ಬಿಡುವ ಸ್ಕ್ರೂ ಇರುತ್ತದೆ. ಅದನ್ನು ಸ್ವಲ್ಪ ಸಡಿಲಿಸಿ. ಗುಳ್ಳೆ ನಿಂತು ಡೀಸೆಲ್ ಸಮನಾಗಿ ಹರಿಯುವಾಗಲೇ ಬಿಗಿ ಮಾಡಿ.

ಮೂರನೆಯದು ಹೊಗೆ. ವೈದ್ಯರು ನಾಲಗೆ ನೋಡುವಂತೆ ನೀವು ಹೊಗೆಯ ಬಣ್ಣ ನೋಡಿ. ಕಪ್ಪು ಹೊಗೆ ಬಂದರೆ ಗಾಳಿ ಸಾಲದು, ಇಲ್ಲವೆ ಹೊರೆ ಹೆಚ್ಚು, ಇಲ್ಲವೆ ನಾಜಲು ಎರಚದೆ ತೊಟ್ಟಿಕ್ಕುತ್ತಿದೆ. ಮೊದಲು ಗಾಳಿಯ ಫಿಲ್ಟರನ್ನು ಶುಚಿ ಮಾಡಿ. ನೀಲಿ ಹೊಗೆಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಆಯಿಲ್ ಗುರುತಿಗಿಂತ ಹೆಚ್ಚು ಹಾಕಿದ್ದೀರೋ, ರಿಂಗು ಸವೆದಿದೆಯೋ ನೋಡಬೇಕು. ಎಂಜಿನ್ನು ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಇಲ್ಲವೆ ನೀರು ಒಳಗೆ ಸೇರುತ್ತಿದೆ.

ನಾಲ್ಕನೆಯದು ಒತ್ತಡ. ಎಂಜಿನ್ನು ನಿಲ್ಲಿಸಿ, ಡೀಸೆಲ್ ಬಂದ್ ಮಾಡಿ, ದೊಡ್ಡ ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿ. ಒಂದು ಕಡೆ ಅದು ಗಟ್ಟಿಯಾಗಿ ಎದುರು ತಳ್ಳಬೇಕು. ತಳ್ಳದೆ ಸುಮ್ಮನೆ ತಿರುಗಿದರೆ ವಾಲ್ವೋ ರಿಂಗೋ ಸೋರುತ್ತಿದೆ. ಇದು ಫಿಟ್ಟರನ ಕೆಲಸ. ಆತನಿಗೆ "ಇಂತಿಂಥದ್ದನ್ನು ನೋಡಿಯಾಯಿತಪ್ಪ, ಹೊಗೆ ಈ ಬಣ್ಣ" ಅಂತ ಹೇಳಿದರೆ ಆತನ ಹೊತ್ತು, ನಿಮ್ಮ ದುಡ್ಡು ಎರಡೂ ಉಳಿಯುತ್ತವೆ.

ಇನ್ನು ಮೂರು ಎಚ್ಚರಿಕೆಗಳು. ನಾಜಲಿನ ಎರಚಿಗೆ ಎಂದೂ ಕೈ ಒಡ್ಡಬೇಡಿ. ಆ ಸಣ್ಣ ಹನಿ ಚರ್ಮ ತೂರಿ ಒಳಗೆ ಹೋಗುತ್ತದೆ, ಗಾಯ ಚಿಕ್ಕದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ತಿರುಗುವ ಚಕ್ರದ ಹತ್ತಿರ ಸೆರಗು, ಪಂಚೆಯ ಚುಂಗು, ಮಕ್ಕಳು ಸುಳಿಯದಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಬಾವಿಯೊಳಗೆ ಇಳಿಸಿ ಅಥವಾ ಮುಚ್ಚಿದ ಕೋಣೆಯಲ್ಲಿ ಎಂಜಿನ್ನು ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾವಿಯಲ್ಲಿ ಒಬ್ಬರು ಪ್ರಜ್ಞೆ ತಪ್ಪಿದರೆ ಎತ್ತಲು ಇನ್ನೊಬ್ಬರು ಹಾಗೇ ಇಳಿಯಬಾರದು. ಹಾಗೆ ಇಳಿದವರೂ ಉಳಿಯುವುದು ಕಷ್ಟ. ತಕ್ಷಣ ಅಗ್ನಿಶಾಮಕ ದಳವನ್ನು ಕರೆಯಿರಿ.

ಬೆಲ್ಟು, ಡೀಸೆಲ್, ಹೊಗೆ, ಒತ್ತಡ. ಈ ನಾಲ್ಕನ್ನು ಇದೇ ಕ್ರಮದಲ್ಲಿ ಪಂಪಿನ ಮನೆಯ ಗೋಡೆಯ ಮೇಲೆ ಬರೆದಿಡಿ. ಬೆಳೆಗೆ ನೀರು ತಪ್ಪದು.