ಕೋಟಾ ಭಾರುವಿನ ಕಡಲತೀರ

ಪರ್ಲ್ ಹಾರ್ಬರಿನ ಹೆಸರನ್ನು ಕೇಳದವರು ವಿರಳ. ಅಲ್ಲಿ ಮೊದಲ ಬಾಂಬು ಬೀಳುವುದಕ್ಕೆ ಒಂದು ಗಂಟೆಗೂ ಮಿಕ್ಕ ಕಾಲ ಮುಂಚೆಯೇ ಮಲಯದ ಈಶಾನ್ಯ ತೀರದಲ್ಲಿ ಜಪಾನೀಯರು ಇಳಿಯತೊಡಗಿದ್ದರೆಂಬುದೂ, ಅವರನ್ನು ಎದೆಗೊಟ್ಟು ತಡೆದವರು ನಮ್ಮ ದೇಶದ ಸಿಪಾಯಿಗಳೆಂಬುದೂ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಹವಾಯಿಯಲ್ಲಿ ಅಂದು 1941ನೆಯ ಡಿಸೆಂಬರ್ 7. ದಿನರೇಖೆಯ ಈಚೆಗಿರುವ ಮಲಯದಲ್ಲಿ 8. ಬರಿಯ ತಾರೀಖನ್ನು ನೋಡುವವರಿಗೆ ಮುಂಚಿನದೇ ಆಮೇಲಿನದಾಗಿ ತೋರುವುದು ಸಹಜ.

ಕೋಟಾ ಭಾರು ಕೆಲಾಂತಾನ್ ಸಂಸ್ಥಾನದ ರಾಜಧಾನಿ. ಅದರ ಬಳಿ, ಕಡಲಿಗೆ ಅತಿ ಸಮೀಪವಾಗಿ, ಬ್ರಿಟಿಷರು ವಿಮಾನನಿಲ್ದಾಣವೊಂದನ್ನು ಕಟ್ಟಿದ್ದರು. ಶತ್ರುವಿನ ಹಡಗುಗಳನ್ನು ಸಮುದ್ರದ ಮೇಲೆಯೇ ವಿಮಾನಗಳಿಂದ ನಾಶಮಾಡಬೇಕೆಂಬುದು ಅವರ ಸಂಕಲ್ಪ. ಬೇಕಾದಷ್ಟು ವಿಮಾನಗಳು ಬರಲೇ ಇಲ್ಲ. ನಿಲ್ದಾಣವನ್ನು ಕಾಯುವ ಹೊಣೆ ಮಾತ್ರ ಕಾಲಾಳುಗಳ ಪಾಲಿಗೆ ಉಳಿಯಿತು. ಬ್ರಿಗೇಡಿಯರ್ ಕೀ ಎಂಬವರ 8ನೆಯ ಭಾರತೀಯ ಬ್ರಿಗೇಡಿಗೆ ಸೇರಿದ ಡೋಗ್ರಾ ಪಟಾಲಮು ಸಬಾಕ್, ಬಡಾಂಗ್ ಎಂಬ ಮರಳುದಡಗಳಲ್ಲಿತ್ತು. ನಿಲ್ದಾಣದ ಕಾವಲಿಗೆ ಹೈದರಾಬಾದು ಸಂಸ್ಥಾನದ ಪಟಾಲಮು.

ನಡುರಾತ್ರಿ ಕಳೆದು ಅರ್ಧ ಗಂಟೆಯಾಗುವಷ್ಟರಲ್ಲಿ ಮೇಜರ್ ಜನರಲ್ ತಕುಮಿಯ ಸುಮಾರು 5,000 ಮಂದಿ ಮೂರು ಹಡಗುಗಳಿಂದ ದೋಣಿಗಳಿಗೆ ಇಳಿದರು. ಹಿಂಗಾರಿನ ಕಡಲು ಅಬ್ಬರಿಸುತ್ತಿತ್ತು. ಕೆಲವು ದೋಣಿಗಳು ಮಗುಚಿಕೊಂಡವು. ದಡ ಸೇರಿದವರನ್ನು ಮುಳ್ಳುತಂತಿಯೂ ಡೋಗ್ರಾಗಳ ಮೆಷಿನ್‌ಗನ್ನುಗಳೂ ಇದಿರ್ಗೊಂಡವು. ತಲೆಯೆತ್ತಲಾರದೆ ಅವರು ಮರಳನ್ನು ತೋಡುತ್ತ ತಂತಿಯ ಕೆಳಗೆ ತೆವಳಿ ಬಂದರು. ಆಸ್ಟ್ರೇಲಿಯದವರ ಹಡ್ಸನ್ ವಿಮಾನಗಳು ಅವಾಗಿಸಾನ್ ಮಾರು ಎಂಬ ಹಡಗಿಗೆ ಬೆಂಕಿ ಹತ್ತಿಸಿದವು. ಎರಡು ದಡಗಳು ಸೇರುವೆಡೆಯ ಕಾಂಕ್ರೀಟಿನ ಕಾವಲುಗೂಡುಗಳಲ್ಲಿದ್ದ ಡೋಗ್ರಾಗಳಲ್ಲಿ ಬದುಕಿ ಉಳಿದವರು ತೀರ ಕಡಮೆ.

ಈ ಶೌರ್ಯಕ್ಕಿಂತಲೂ ನಮ್ಮನ್ನು ಹೆಚ್ಚಾಗಿ ಚಿಂತೆಗೀಡುಮಾಡುವುದು ಅಂದಿನ ಅಪರಾಹ್ನದ ಸಂಗತಿ. ಶತ್ರುವು ನಿಲ್ದಾಣದ ಬೇಲಿಯವರೆಗೂ ಬಂದನೆಂದು ಯಾರೋ ಸುದ್ದಿ ಹಬ್ಬಿಸಿದರು. ಸುದ್ದಿ ಸುಳ್ಳು, ಆದರೆ ವಿಮಾನಗಳು ಹೊರಟುಹೋದವು, ನೆಲದ ಸಿಬ್ಬಂದಿಯವರು ಕಟ್ಟಡಗಳಿಗೆ ಕಿಚ್ಚಿಟ್ಟು ಲಾರಿಗಳನ್ನೇರಿದರು. ಬಾಂಬುಗಳೂ ಪೆಟ್ರೋಲೂ ಇದ್ದಲ್ಲಿಯೇ ಉಳಿದವು. ವಿಮಾನಗಳು ಇಳಿಯುವ ನೆಲವನ್ನು ಅಗೆದು ಕೆಡಿಸುವಷ್ಟು ವ್ಯವಧಾನವೂ ಯಾರಿಗೂ ಇರಲಿಲ್ಲ. ಯಾವ ನಿಲ್ದಾಣಕ್ಕಾಗಿ ಸಿಪಾಯಿಗಳನ್ನು ಆ ಮರಳಿನಲ್ಲಿ ನಿಲ್ಲಿಸಿದ್ದರೋ ಅದು ಬರಿದಾದಾಗ ಅವರು ಇನ್ನೂ ಕಾದುತ್ತಲೇ ಇದ್ದರು. ಹೈದರಾಬಾದು ಪಟಾಲಮಿನ ದಳಪತಿ ಕರ್ನಲ್ ಹೆಂಡ್ರಿಕ್ಸ್ ಆ ಗೊಂದಲದಲ್ಲಿ ಮಡಿದನು.

ರಾತ್ರಿ ಮಳೆಯಲ್ಲಿ ಸೇನೆ ಹಿಂದೆಗೆಯಿತು. 9ರಂದು ಪಟ್ಟಣವೂ ಶತ್ರುವಶವಾಯಿತು. ಗೊಂಗ್ ಕೆಡಾ, ಮಾಚಾಂಗ್ ಎಂಬ ಉಳಿದೆರಡು ನಿಲ್ದಾಣಗಳನ್ನೂ ಬಿಟ್ಟುಕೊಟ್ಟು ಬ್ರಿಗೇಡು ರೈಲುದಾರಿಯ ಗುಂಟ ದಕ್ಷಿಣಕ್ಕೆ ಸರಿಯಿತು. ಕಾಯತಕ್ಕ ವಿಮಾನಗಳೇ ಕೆಲಾಂತಾನಿನಲ್ಲಿ ಇನ್ನು ಇರಲಿಲ್ಲ.