ಇಂಗ್ಲಿಷು ಕಲಿಯುವ ಮಕ್ಕಳ ಕೈಗೆ ಕ್ಯಾಮೆರಾ

(ಪ್ರೌಢಶಾಲಾ ಅಧ್ಯಾಪಕರ ಅಧ್ಯಯನ ಶಿಬಿರದಲ್ಲಿ ನಿವೃತ್ತ ಇಂಗ್ಲಿಷ್ ಅಧ್ಯಾಪಕರೊಬ್ಬರು ಮಾಡಿದ ಭಾಷಣ)



ನಿನ್ನೆ ರಾತ್ರಿ ಊಟದ ಪಂಕ್ತಿಯಲ್ಲಿ ತರುಣ ಗೆಳೆಯರೊಬ್ಬರು ನನ್ನನ್ನು ಕೇಳಿದರು: “ಇಂಗ್ಲಿಷಿನ ದರ್ಬಾರು ತೊಲಗಲಿ ಎಂದು ಸಭೆ ಮಾಡಿದವರು ನಾವು. ಅದೇ ಇಂಗ್ಲಿಷನ್ನು ಚೆನ್ನಾಗಿ ಕಲಿಸುವುದು ಹೇಗೆಂದು ಹೇಳಲು ನೀವು ಬಂದಿದ್ದೀರಲ್ಲ ಮೇಷ್ಟ್ರೇ, ಇದು ಹೇಗೆ?” ಪ್ರಶ್ನೆ ನ್ಯಾಯವಾದದ್ದೇ. ಮೊದಲು ಅದಕ್ಕೆ ಉತ್ತರ ಹೇಳಿ ಮುಂದೆ ಹೋಗುತ್ತೇನೆ.

ನಾವು ವಿರೋಧಿಸಿದ್ದು ಇಂಗ್ಲಿಷಿನ ಅಧಿಕಾರವನ್ನು. ರೈತನ ಅರ್ಜಿಗೆ ಅವನಿಗೆ ತಿಳಿಯದ ಭಾಷೆಯಲ್ಲಿ ಉತ್ತರ ಬರಕೂಡದು, ಕಕ್ಷಿಗಾರನಿಗೆ ಅರ್ಥವಾಗದ ಭಾಷೆಯಲ್ಲಿ ತೀರ್ಪು ಬರಕೂಡದು ಎಂಬುದು ನಮ್ಮ ವಾದ. ಆ ವಾದ ಇಂದಿಗೂ ನಿಂತಿದೆ. ಆದರೆ ಪರಭಾಷೆ ಕಲಿಯಲು ನಮ್ಮವರು ಎಂದೂ ಹೆದರಿದವರಲ್ಲ. ಲೋಹಿಯಾ ಅವರು ಜರ್ಮನಿಗೆ ಹೋಗಿ, ಅಲ್ಲಿನ ಭಾಷೆ ಕಲಿತು, ೧೯೩೩ರಲ್ಲಿ ಬರ್ಲಿನ್ನಿನಲ್ಲಿ ಡಾಕ್ಟರೇಟ್ ಪಡೆದವರು. ಇಂದು ದುಡ್ಡಿದ್ದವರು ತಮ್ಮ ಮಕ್ಕಳಿಗೆ ಇಂಗ್ಲಿಷನ್ನು ಕೊಂಡು ಕೊಡುತ್ತಿದ್ದಾರೆ. ಕೂಲಿಕಾರರ ಮಕ್ಕಳಿಗೆ ಸರ್ಕಾರಿ ಶಾಲೆಯಲ್ಲಿ ಸಿಕ್ಕಷ್ಟೇ ಇಂಗ್ಲಿಷು. ಅಲ್ಲಿ ಅದನ್ನು ಸರಿಯಾಗಿ ಕಲಿಸದೆ ಹೋದರೆ, ನಾವು ಯಾವ ಬೇಲಿಯನ್ನು ಕೀಳಬೇಕೆಂದಿದ್ದೇವೆಯೋ ಅದಕ್ಕೆ ನಮ್ಮ ಕೈಯಿಂದಲೇ ಇನ್ನೊಂದು ಗೂಟ ಹೊಡೆದಂತಾಗುತ್ತದೆ.

ಈಗ ಶಾಲೆಯ ಸ್ಥಿತಿ ನೋಡೋಣ. ನಮ್ಮ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ೨೦೦೭-೦೮ನೆಯ ಸಾಲಿನಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷು ಒಂದು ವಿಷಯವಾಗಿ ಬಂದಿದೆ. ೨೦೧೯ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನೂ ತೆರೆದರು. ಎಂದರೆ, ಇಂದು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂರುವ ಹುಡುಗ ಹತ್ತು ವರ್ಷ ಇಂಗ್ಲಿಷ್ ಪಾಠ ಕೇಳಿದವನು. ಆದರೂ ಬಸ್ ನಿಲ್ದಾಣದಲ್ಲಿ ಪರಸ್ಥಳದವನೊಬ್ಬ ದಾರಿ ಕೇಳಿದರೆ ಅವನ ನಾಲಗೆ ಏಳುವುದಿಲ್ಲ. ಹುಡುಗ ದಡ್ಡನೇ? ಅಲ್ಲ. ಹತ್ತು ವರ್ಷಗಳಲ್ಲಿ ಒಂದು ದಿನವಾದರೂ ಅವನಿಗೆ ಹೇಳಬೇಕಾದ ಮಾತೊಂದು ಇದ್ದು, ಅದನ್ನು ಇಂಗ್ಲಿಷಿನಲ್ಲಿ ಹೇಳು ಎಂದು ನಾವು ಕೇಳಿದ್ದುಂಟೇ? ನಾವು ಬೋರ್ಡಿನ ಮೇಲೆ ಉತ್ತರ ಬರೆದೆವು, ಅವನು ನೋಟ್ ಪುಸ್ತಕಕ್ಕೆ ಇಳಿಸಿಕೊಂಡ, ಗೈಡಿನಿಂದ ಕಂಠಪಾಠ ಮಾಡಿದ. ದ್ವಿತೀಯ ಭಾಷೆಯ ೧೦೦ ಅಂಕಗಳಲ್ಲಿ ೮೦ ಅಂಕ ಬರವಣಿಗೆಯ ಪರೀಕ್ಷೆಗೆ ಹೋಗುತ್ತದೆ. ಪರೀಕ್ಷಾ ಕೊಠಡಿಗೆ ಕಣ್ಣಿದೆ, ಕಿವಿಯಿಲ್ಲ. ಇಪ್ಪತ್ತೆಂಟು ವರ್ಷ ನಾನೂ ಇದೇ ರೀತಿ ಪಾಠ ಮಾಡಿದವನು. ಇತರರನ್ನು ದೂರುವ ಹಕ್ಕು ನನಗಿಲ್ಲ.

ಇದಕ್ಕಿಂತ ಬೇರೆ ದಾರಿ ಇದೆಯೆಂದು ನಮ್ಮ ನೆಲದಲ್ಲಿಯೇ ಒಬ್ಬರು ತೋರಿಸಿದ್ದರು. ೧೯೭೯ರಿಂದ ೧೯೮೪ರವರೆಗೆ ಎನ್. ಎಸ್. ಪ್ರಭು ಎಂಬ ಭಾಷಾ ವಿದ್ವಾಂಸರು ದಕ್ಷಿಣ ಭಾರತದ ಸಾಧಾರಣ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಹೊರದೇಶದ ಪಂಡಿತರು ಅದನ್ನು ಇಂದಿಗೂ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಕರೆಯುತ್ತಾರೆ. ವ್ಯಾಕರಣದ ಸೂತ್ರಗಳನ್ನು ಸಾಲಾಗಿ ಒಪ್ಪಿಸುವ ಬದಲು ಅವರು ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿ, ನಕ್ಷೆಗಳಂಥವನ್ನು ಇಟ್ಟು, ಲೆಕ್ಕ ಹಾಕಿ ಬಿಡಿಸಬೇಕಾದ ಪ್ರಶ್ನೆಗಳನ್ನು ಕೊಟ್ಟರು. ಮಗುವಿನ ಮನಸ್ಸು ಅರ್ಥದಲ್ಲಿ ತೊಡಗಿದ್ದಾಗ ಭಾಷೆಯ ಕಟ್ಟು ತಾನಾಗಿ ಒಳಕ್ಕೆ ಇಳಿಯುತ್ತದೆ ಎಂಬುದು ಅವರ ನಂಬಿಕೆ.

ಕೆನಡಾ ದೇಶದ ಮೆರಿಲ್ ಸ್ವೇನ್ ಎಂಬ ವಿದುಷಿ ೧೯೮೫ರಲ್ಲಿ ಇದಕ್ಕೆ ಇನ್ನೊಂದು ಮಾತು ಸೇರಿಸಿದರು. ಅಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳು ವರ್ಷಗಟ್ಟಲೆ ಫ್ರೆಂಚ್ ಭಾಷೆಯಲ್ಲೇ ಪಾಠ ಕೇಳುತ್ತಿದ್ದರು. ಕೇಳಿದ್ದು ಚೆನ್ನಾಗಿ ತಿಳಿಯುತ್ತಿತ್ತು, ಆದರೆ ಮಾತು, ಬರಹ ಹಿಂದೆ ಬಿದ್ದಿದ್ದವು. ಕಿವಿ ತುಂಬಿದರೆ ಸಾಲದು, ಎದುರಿನವರಿಗೆ ತಿಳಿಯುವಂತೆ ತಾನೇ ಹೇಳಬೇಕಾದ ಒತ್ತಾಯ ಬಂದಾಗಲೇ ತನಗೆ ಏನು ಬಾರದು ಎಂಬುದು ಕಲಿಯುವವನಿಗೆ ಗೊತ್ತಾಗುತ್ತದೆ ಎಂದು ಅವರು ವಾದಿಸಿದರು.

ಆ ಒತ್ತಾಯವನ್ನು ಹಳ್ಳಿಯ ಶಾಲೆಯಲ್ಲಿ ತರುವುದು ಹೇಗೆ? ಇಂಗ್ಲಿಷು ಮಾತ್ರ ಬಲ್ಲ ಕೇಳುಗನನ್ನು ಎಲ್ಲಿಂದ ತರುವುದು? ನಿವೃತ್ತನಾಗುವ ಮುಂಚಿನ ಎರಡು ವರ್ಷ ನಾನು ಮಾಡಿ ನೋಡಿದ ಉಪಾಯವನ್ನು ನಿಮ್ಮ ಮುಂದೆ ಇಡುತ್ತೇನೆ. ೨೦೨೦ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದ ಮೇಲೆ ಬಡವರ ಮನೆಗಳಿಗೂ ಸಾಲ ಸೋಲ ಮಾಡಿ ಒಂದೊಂದು ಮೊಬೈಲು ಬಂದಿತ್ತು. ಆ ಮೊಬೈಲಿನಲ್ಲಿ ಕ್ಯಾಮೆರಾ ಇದೆ. ಅದರಿಂದ ಮಕ್ಕಳೇ ಮೂರು ನಿಮಿಷದ ಚಿತ್ರವೊಂದನ್ನು ತೆಗೆಯಲಿ, ಅದರಲ್ಲಿ ಇಂಗ್ಲಿಷಿನಲ್ಲಿ ಮಾತಾಡಲಿ ಎಂದು ಹೊರಟೆವು.

ನಮ್ಮದು ಮಲೆನಾಡಿನ ಶಾಲೆ. ಒಂಬತ್ತನೆಯ ತರಗತಿಯ ಮಕ್ಕಳನ್ನು ಐದೈದು ಜನರ ಗುಂಪು ಮಾಡಿದೆ. ಗುಂಪಿಗೆ ಒಂದೇ ಮೊಬೈಲು. ವಿಷಯ ಅವರವರ ಮನೆಯಲ್ಲೋ ಊರಲ್ಲೋ ಕಣ್ಣಾರೆ ಕಂಡ ಕೆಲಸವಾಗಿರಬೇಕು. ಒಂದು ಗುಂಪಿನವರು ಅಡಿಕೆ ಸುಗ್ಗಿಯನ್ನು ಆರಿಸಿಕೊಂಡರು. ಮೊದಲ ವಾರ ಇಂಗ್ಲಿಷಿನ ಸುದ್ದಿಯೇ ಇಲ್ಲ. ಏನು ಹೇಳಬೇಕು, ಯಾವುದರ ನಂತರ ಯಾವುದು ಎಂದು ಕನ್ನಡದಲ್ಲಿಯೇ ಚರ್ಚೆ. ಕೊನೆ ಇಳಿಸುವುದು, ಸುಲಿಯುವುದು, ಚೊಗರು ಹಾಕಿ ಬೇಯಿಸುವುದು, ಒಣಗಿಸುವುದು, ಆರಿಸುವುದು. ಎರಡನೆಯ ವಾರ ಅದನ್ನೇ ಇಂಗ್ಲಿಷಿನಲ್ಲಿ ಬರೆದರು. ನಾನು ತಪ್ಪಿನ ಕೆಳಗೆ ಗೆರೆ ಎಳೆದೆನೇ ಹೊರತು ತಿದ್ದಿ ಬರೆಯಲಿಲ್ಲ. ತಿದ್ದುವುದು ಗುಂಪಿನ ಕೆಲಸ.

ಇಲ್ಲಿಯೇ ಮೊದಲ ಕಲಿಕೆ ನಡೆಯಿತು. ಮೆಟ್ಟುಗತ್ತಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಸಾರ್ ಎಂದು ಕೇಳಿದರು. ನಿಘಂಟಿನಲ್ಲಿ ಸಿಗಲಿಲ್ಲ. ಹಾಗಾದರೆ ಮೆಟ್ಟುಗತ್ತಿ ಎಂದೇ ಹೇಳಿ, ನೋಡದವನಿಗೆ ಅದು ಏನೆಂದು ವಿವರಿಸಿ ಎಂದೆ. ಅರ್ಧ ಗಂಟೆ ತಲೆ ಕೆಡಿಸಿಕೊಂಡು “ಎ ನೈಫ್ ಫಿಕ್ಸ್ಡ್ ಟು ಎ ಪ್ಲ್ಯಾಂಕ್, ಯು ಹೋಲ್ಡ್ ಇಟ್ ವಿತ್ ಯುವರ್ ಫುಟ್” ಎಂದು ಬರೆದು ತಂದರು. ಆ ವಾಕ್ಯ ಯಾವ ಗೈಡಿನಲ್ಲೂ ಇಲ್ಲ. ಅದು ಅವರದು.

ಮೂರನೆಯ ವಾರ ಚಿತ್ರ ತೆಗೆದರು. ಒಂದೊಂದು ತುಣುಕು ಹತ್ತು ಹದಿನೈದು ಸೆಕೆಂಡು. ತೆಗೆದದ್ದನ್ನು ಆಗಲೇ ನೋಡಬಹುದು, ತಮ್ಮ ದನಿಯನ್ನು ತಾವೇ ಕೇಳಬಹುದು. ಈ ಉಪಾಯದ ಗುಟ್ಟು ಇರುವುದು ಇಲ್ಲಿ ಎಂದು ನನಗೆ ತೋರುತ್ತದೆ. ತರಗತಿಯಲ್ಲಿ “ಇನ್ನೊಂದು ಸಲ ಹೇಳು” ಎಂದು ಮೇಷ್ಟ್ರು ಹೇಳಿದರೆ ಅದು ಶಿಕ್ಷೆ; ಹುಡುಗ ತಲೆ ತಗ್ಗಿಸುತ್ತಾನೆ. ಆದರೆ ಮೊಬೈಲಿನಲ್ಲಿ ತನ್ನ ಮಾತು ತಡವರಿಸಿದ್ದನ್ನು ತಾನೇ ಕೇಳಿದವನು “ತಡಿ, ಇನ್ನೊಂದು ಸಲ ತೆಗಿ” ಎಂದು ತಾನೇ ಹೇಳುತ್ತಾನೆ. ಒಂದು ವಾಕ್ಯವನ್ನು ಒಂಬತ್ತು ಸಲ ಹೇಳಿದ ಹುಡುಗನನ್ನು ನಾನು ನೋಡಿದ್ದೇನೆ. ನಾನು ಒಂಬತ್ತು ಸಲ ಹೇಳಿಸಿದ್ದರೆ ಮಾರನೆಯ ದಿನ ಅವನು ಶಾಲೆಗೆ ಬರುತ್ತಿರಲಿಲ್ಲ.

ಆ ಗುಂಪಿನಲ್ಲಿ ಒಬ್ಬ ಹುಡುಗಿ ಇದ್ದಳು. ಕೊನೆಯ ಬೆಂಚಿನವಳು, ಹಾಜರಿಗೆ ಬಿಟ್ಟರೆ ಬಾಯಿ ತೆರೆಯದವಳು. ಅವಳ ತಾಯಿ ಸುಗ್ಗಿಯಲ್ಲಿ ರಾತ್ರಿ ಅಡಿಕೆ ಸುಲಿಯಲು ಹೋಗುತ್ತಿದ್ದರು. ಈಗ ಸುಲಿಯುವ ಯಂತ್ರಗಳು ಬಂದಿದ್ದರೂ ಈ ಕೆಲಸಕ್ಕೆ ಹೆಂಗಸರು ಇನ್ನೂ ಬೇಕು. ಕೂಲಿ ಡಬ್ಬದ ಲೆಕ್ಕ. ಸುಲಿಯುವ ಭಾಗದ ಮಾತು ಈ ಹುಡುಗಿಯ ಪಾಲಿಗೆ ಬಂತು. ಅವಳು ಬರೆದಿದ್ದಳು: “ದ ನಟ್ಸ್ ಆರ್ ಪೀಲ್ಡ್ ಅಟ್ ನೈಟ್.” ಕರ್ಮಣಿ ಪ್ರಯೋಗ, ವ್ಯಾಕರಣ ಸರಿಯಾಗಿತ್ತು. ನಾನು ಸಂತೋಷದಿಂದ ಸರಿ ಗುರುತು ಹಾಕಿದೆ.

ಚಿತ್ರವನ್ನು ಊರಿನಲ್ಲಿ ತೋರಿಸಿದಾಗ ಸುಲಿಯುವ ಹೆಂಗಸರೂ ಬಂದಿದ್ದರು. ಅವರಲ್ಲೊಬ್ಬರು “ಏನಂದೆ ಮಗಾ, ಕನ್ನಡದಲ್ಲಿ ಹೇಳು” ಎಂದರು. “ರಾತ್ರಿ ಹೊತ್ತು ಅಡಿಕೆಯನ್ನು ಸುಲಿಯಲಾಗುತ್ತದೆ” ಎಂದು ಹುಡುಗಿ ಹೇಳಿದಳು. ಆ ತಾಯಿ ನಕ್ಕು, “ಅಡಿಕೆ ಏನು ತಾನಾಗೇ ಸುಲ್ಕೊಳ್ತದಾ? ಸುಲಿಯೋರು ಯಾರು ಅಂತ ಹೇಳೋದಿಲ್ವಾ ನಿಮ್ಮ ಇಂಗ್ಲಿಷ್‌ನಲ್ಲಿ?” ಎಂದರು.

ಸಂಗಾತಿಗಳೇ, ಕರ್ತರಿಯನ್ನು ಕರ್ಮಣಿಗೆ ತಿರುಗಿಸುವ ಲೆಕ್ಕವನ್ನು ಇಪ್ಪತ್ತೆಂಟು ವರ್ಷ ಮಕ್ಕಳ ಕೈಯಲ್ಲಿ ಮಾಡಿಸಿದವನು ನಾನು. ಆ ಪ್ರಯೋಗದಲ್ಲಿ ದುಡಿದವನ ಹೆಸರು ಸದ್ದಿಲ್ಲದೆ ಬಿಟ್ಟುಹೋಗುತ್ತದೆ ಎಂಬುದನ್ನು ಒಂದು ದಿನವೂ ಹೇಳಿಕೊಟ್ಟಿರಲಿಲ್ಲ. ಮಾರನೆಯ ದಿನ ಹುಡುಗಿ ತಾನಾಗಿ ಬಂದು ಆ ತುಣುಕನ್ನು ಮತ್ತೆ ತೆಗೆಯಬೇಕು ಎಂದಳು. “ದ ನಟ್ಸ್ ಆರ್ ಪೀಲ್ಡ್ ಬೈ ವಿಮೆನ್. ಮೈ ಮದರ್ ಈಸ್ ಒನ್ ಆಫ್ ದೆಮ್.” ಇಷ್ಟೇ ಎರಡು ವಾಕ್ಯ. ಆದರೆ ಅವು ಪರೀಕ್ಷೆಗಾಗಿ ಬರೆದ ವಾಕ್ಯಗಳಾಗಿರಲಿಲ್ಲ. ಆ ವರ್ಷ ಅವಳು ತರಗತಿಗೆ ಮೊದಲಿಗಳೇನೂ ಆಗಲಿಲ್ಲ. ಆದರೆ ಆಮೇಲೆ ಕೊನೆಯ ಬೆಂಚಿನಿಂದ ಪ್ರಶ್ನೆಗಳು ಬರತೊಡಗಿದವು.

ಇದು ತೀರ ಹೊಸದೂ ಅಲ್ಲ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಫ್ರಾನ್ಸಿನ ಹಳ್ಳಿ ಮೇಷ್ಟ್ರು ಸೆಲೆಸ್ತಾಂ ಫ್ರೆನೆ ೧೯೨೪ರ ಸುಮಾರಿಗೆ ತನ್ನ ತರಗತಿಗೆ ಸಣ್ಣ ಅಚ್ಚಿನ ಯಂತ್ರ ತಂದು, ಮಕ್ಕಳು ತಮ್ಮ ಬದುಕಿನ ಬಗ್ಗೆ ಬರೆದದ್ದನ್ನು ಅವರ ಕೈಯಿಂದಲೇ ಅಚ್ಚು ಮಾಡಿಸಿದರು. ೧೯೮೪ರಲ್ಲಿ ಅಹಮದಾಬಾದಿನ ‘ಸೇವಾ’ ಸಂಘದ ಶ್ರಮಜೀವಿ ಹೆಂಗಸರು ವೀಡಿಯೋ ಕ್ಯಾಮೆರಾ ಹಿಡಿಯಲು ಕಲಿತರು. ಅವರಲ್ಲಿ ಓದುಬರಹ ಬಾರದವರೂ ಇದ್ದರು. ದುಡಿಯುವವರ ಕೈಗೆ ಉಪಕರಣ ಸಿಕ್ಕಾಗ ಅವರಿಗೆ ಹೇಳಲು ಮಾತಿಲ್ಲದೆ ಹೋಗಿಲ್ಲ.

ಇನ್ನು ಎಚ್ಚರಿಕೆಯ ಮಾತುಗಳು. ನಾನು ಎಡವಿದ ಕಡೆ ನೀವು ಎಡವಬೇಡಿ.

ಮೊದಲನೆಯದು, ಅಂತಸ್ತಿನ ಪ್ರಶ್ನೆ. ಮೊದಲ ವರ್ಷ ಒಳ್ಳೆಯ ಮೊಬೈಲು ಇದ್ದ ಅಂಗಡಿ ಯಜಮಾನರ ಮಗನ ಗುಂಪು ಹಾಡು, ಬಣ್ಣ ಎಲ್ಲ ಸೇರಿಸಿ ಥಳಥಳಿಸುವ ಚಿತ್ರ ತಂದಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಅದರಲ್ಲಿದ್ದ ಇಂಗ್ಲಿಷು ಎಂಟು ವಾಕ್ಯ. ಎರಡನೆಯ ವರ್ಷ ಹಾಡು ಬೇಡ, ಅಲಂಕಾರ ಬೇಡ, ಎಲ್ಲ ಗುಂಪಿಗೂ ಶಾಲೆಯ ಒಂದೇ ಮೊಬೈಲು ಸರದಿಯಂತೆ ಎಂದು ನಿಯಮ ಮಾಡಿದೆವು. ಅಂಕ ಮಾತಿಗೆ, ಹೊಳಪಿಗಲ್ಲ.

ಎರಡನೆಯದು, ಇಂಗ್ಲಿಷು ಬಲ್ಲ ಒಬ್ಬನೇ ಮಾತಾಡಿ, ಉಳಿದವರು ಕ್ಯಾಮೆರಾ ಹಿಡಿದು ನೀರು ತಂದುಕೊಡುವ ಪದ್ಧತಿ ತಾನಾಗಿ ಬೆಳೆಯುತ್ತದೆ. ಸಮಾಜದ ಜಾತಿ ಪದ್ಧತಿ ಐದು ಮಕ್ಕಳ ಗುಂಪಿನಲ್ಲಿ ಮತ್ತೆ ಹುಟ್ಟುತ್ತದೆ. ಆದುದರಿಂದ ಪ್ರತಿಯೊಬ್ಬರೂ ಬರೆಯಬೇಕು, ಪ್ರತಿಯೊಬ್ಬರೂ ಮಾತಾಡಬೇಕು, ಪ್ರತಿಯೊಬ್ಬರೂ ಕ್ಯಾಮೆರಾ ಹಿಡಿಯಬೇಕು.

ಮೂರನೆಯದು, ಬಾಯಿಪಾಠ. ಬರೆದದ್ದನ್ನು ಉರು ಹೊಡೆದು ಕ್ಯಾಮೆರಾ ಮುಂದೆ ಒಪ್ಪಿಸಿದರೆ ಗೈಡೇ ಬೇರೆ ವೇಷದಲ್ಲಿ ಬಂದಂತೆ. ಈಗಂತೂ ಕೃತಕ ಬುದ್ಧಿಮತ್ತೆಯ ಯಂತ್ರ ಕ್ಷಣಮಾತ್ರದಲ್ಲಿ ಸೊಗಸಾದ ಇಂಗ್ಲಿಷು ಬರೆದುಕೊಡುತ್ತದೆ. ಇದಕ್ಕೆ ಮದ್ದು ಎರಡು. ವಿಷಯ ಮನೆಯ ಅಂಗಳದ್ದಾಗಿರಲಿ. ಅವರ ತಾಯಿಯ ಕೈ ಕೆಲಸ ಯಾವ ಯಂತ್ರಕ್ಕೂ ಗೊತ್ತಿಲ್ಲ. ಚಿತ್ರ ತೋರಿಸಿದ ಮೇಲೆ ಬೇರೆ ಗುಂಪಿನವರು ಇಂಗ್ಲಿಷಿನಲ್ಲಿ ಮೂರು ಪ್ರಶ್ನೆ ಕೇಳಲಿ, ಉತ್ತರ ಆಗಲೇ ಬರಲಿ. ತಪ್ಪುತಪ್ಪಾಗಿ ಬಂದರೂ ಚಿಂತೆಯಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಮಕ್ಕಳ ಚಿತ್ರವನ್ನು ಇಂಟರ್‌ನೆಟ್ಟಿಗೆ ಹಾಕಬೇಡಿ. ಶಾಲೆಯ ಕೀರ್ತಿಗಾಗಿ ಹಾಕಬೇಕೆನ್ನುವ ಮುಖ್ಯೋಪಾಧ್ಯಾಯರಿಗೂ ಬೇಡವೆನ್ನಿ. ಹೆಣ್ಣುಮಗುವಿನ ಮುಖ ಯಾರ ಯಾರ ಕೈಗೋ ಹೋದರೆ ಮರಳಿ ತರಲಾಗುವುದಿಲ್ಲ. ತಂದೆತಾಯಿಗಳನ್ನು ಕೇಳಿ, ಮಗುವನ್ನೂ ಕೇಳಿ, ಚಿತ್ರದಲ್ಲಿ ಕಾಣುವ ಕೂಲಿಯವರನ್ನೂ ಕೇಳಿ. ಬೇಡವೆಂದವರ ಕೈ ಮಾತ್ರ ತೋರಿಸಿದರೆ ಸಾಕು.

ಕೊನೆಯದಾಗಿ, ಇದನ್ನೆಲ್ಲ ಅಧ್ಯಾಪಕನ ಉತ್ಸಾಹಕ್ಕೆ ಬಿಟ್ಟು ಸರ್ಕಾರ ಕೈ ತೊಳೆದುಕೊಳ್ಳುವಂತಿಲ್ಲ. ಅರವತ್ತು ಮಕ್ಕಳ ತರಗತಿಯಲ್ಲಿ ಹನ್ನೆರಡು ಗುಂಪಿನ ಬರಹ ನೋಡಲು ಒಬ್ಬ ಮೇಷ್ಟ್ರಿಗೆ ಸಮಯವೆಲ್ಲಿದೆ? ನಮ್ಮ ಬೇಡಿಕೆ ಸ್ಪಷ್ಟವಾಗಿರಲಿ. ಖಾಲಿ ಬಿದ್ದಿರುವ ಇಂಗ್ಲಿಷ್ ಅಧ್ಯಾಪಕರ ಹುದ್ದೆಗಳನ್ನು ತುಂಬಬೇಕು. ಪ್ರತಿ ಸರ್ಕಾರಿ ಪ್ರೌಢಶಾಲೆಗೂ ಮಕ್ಕಳ ಉಪಯೋಗಕ್ಕೆಂದೇ ನಾಲ್ಕಾರು ಮೊಬೈಲು ಕೊಡಬೇಕು. ಶಾಲೆಯೊಳಗಿನ ೨೦ ಅಂಕಗಳಲ್ಲಿ ಅರ್ಧವನ್ನಾದರೂ ಮಗು ಬಾಯಿಬಿಟ್ಟು ಆಡಿದ ಮಾತಿಗೆ ಮೀಸಲಿಡಬೇಕು. ಅದೇ ಚಿತ್ರದ ಕನ್ನಡ ಆವೃತ್ತಿಗೆ ಕನ್ನಡದ ತರಗತಿಯಲ್ಲಿಯೂ ಮನ್ನಣೆ ಸಿಗಬೇಕು. ಕನ್ನಡದಲ್ಲಿ ಯೋಚಿಸಿದ್ದರಿಂದಲೇ ನಮ್ಮ ಮಕ್ಕಳ ಇಂಗ್ಲಿಷಿಗೆ ಜೀವ ಬಂತು ಎಂಬುದನ್ನು ಯಾರೂ ಮರೆಯಕೂಡದು.

ನಿನ್ನೆ ಪ್ರಶ್ನೆ ಕೇಳಿದ ಗೆಳೆಯರಿಗೆ ಕಡೆಯ ಮಾತು. ಆ ಹುಡುಗಿ ಕಚೇರಿಗೆ ಹೋದಾಗ ಅವಳಿಗೆ ಕನ್ನಡದಲ್ಲಿಯೇ ಉತ್ತರ ಸಿಗಬೇಕು, ಆ ಹೋರಾಟ ಬಿಡೋಣವೆಂದು ನಾನು ಹೇಳುತ್ತಿಲ್ಲ. ಆದರೆ ಯಾರಾದರೂ ಇಂಗ್ಲಿಷಿನಲ್ಲಿ ಅವಳ ಮುಂದೆ “ಅಡಿಕೆಯನ್ನು ಸುಲಿಯಲಾಗುತ್ತದೆ” ಎಂದಷ್ಟೇ ಹೇಳಿ ಮುಂದೆ ಹೋಗಲು ನೋಡಿದರೆ, ತಡೆದು ನಿಲ್ಲಿಸಿ “ಯಾರಿಂದ?” ಎಂದು ಅದೇ ಭಾಷೆಯಲ್ಲಿ ಕೇಳುವ ಶಕ್ತಿಯೂ ಅವಳಿಗಿರಲಿ. ಅಷ್ಟು ಇಂಗ್ಲಿಷು ಕಲಿಸಿದರೆ ನಮ್ಮ ಸಂಬಳ ಸಾರ್ಥಕ.