ಅಪ್‌ಡೇಟ್ ಆದ್ಮೇಲೆ ಡೆಸ್ಕ್‌ಟಾಪ್ ಬರ್ತಿಲ್ವಾ? ಫಾರ್ಮ್ಯಾಟ್ ಮಾಡೋಕೆ ಮುಂಚೆ ಇದನ್ನ ಕೇಳಿ

ಇವತ್ತಿನ ವಿಷಯ ಉಬುಂಟು. ರಾತ್ರಿ ಅಪ್‌ಡೇಟ್ ಹಾಕಿ ಮಲಗ್ತೀರಿ. ಬೆಳಗ್ಗೆ ಆನ್ ಮಾಡಿದ್ರೆ ಲೋಗೊ ಬಂದು ಹೋಗುತ್ತೆ, ಆಮೇಲೆ ಬರೀ ಕಪ್ಪು ಪರದೆ.

ಹಿಂಜವಡಿಯಲ್ಲಿರೋ ನಮ್ಮ ಧಾರವಾಡ ಕಡೆಯ ಹುಡುಗನೊಬ್ಬ ಹೀಗೇ ಆಗಿ ನನಗೆ ಫೋನ್ ಮಾಡಿದ್ದ. "ಅಣ್ಣಾ, ಪೆನ್ ಡ್ರೈವ್ ರೆಡಿ ಐತ್ರಿ, ಫಾರ್ಮ್ಯಾಟ್ ಹೊಡದು ಬಿಡ್ಲೇನ್ರಿ?" ಒಳಗೆ ಏನೇನಿದೆ ಅಂತ ಕೇಳಿದೆ. ಊರಿನ ಹೊಲದ ಕಾಗದಪತ್ರಗಳ ಸ್ಕ್ಯಾನ್, ಅವರಪ್ಪನ ಆಪರೇಷನ್ ರಿಪೋರ್ಟು. ಬೇರೆಲ್ಲೂ ಕಾಪಿ ಇಲ್ಲ. "ತಡಿಯಪ್ಪಾ, ಏನೂ ಒತ್ತಬೇಡ" ಅಂದೆ.

ಒಂದು ಮಾತು ತಲೆಯಲ್ಲಿಟ್ಕೊಳ್ಳಿ. ಡೆಸ್ಕ್‌ಟಾಪ್ ಬರ್ಲಿಲ್ಲ ಅಂದ್ರೆ ಫೈಲ್ ಹೋಯ್ತು ಅಂತಲ್ಲ. ಡೆಸ್ಕ್‌ಟಾಪ್ ಎಲ್ಲಕ್ಕಿಂತ ಮೇಲಿನ ಪದರ. ಅದರ ಕೆಳಗೆ ಗ್ರಾಫಿಕ್ಸ್ ಡ್ರೈವರ್, ಅದರ ಕೆಳಗೆ ಕರ್ನಲ್, ಡಿಸ್ಕ್. ಯಾವ ಪದರ ಕೈಕೊಟ್ಟಿದೆ ಅಂತ ಹುಡುಕೋದೇ ನಮ್ಮ ಕೆಲಸ.

ಮೊದಲನೇದು: ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಕೆಲವು ಲ್ಯಾಪ್‌ಟಾಪ್‌ನಲ್ಲಿ ಎಫ್‌ಎನ್ ಕೀ ಕೂಡ ಸೇರಿಸ್ಬೇಕು. ಅಕ್ಷರದ ಲಾಗಿನ್ ಬಂತಾ? ಹಾಗಾದ್ರೆ ಕರ್ನಲ್ ಓಡ್ತಿದೆ, ಡಿಸ್ಕ್ ಓದ್ತಿದೆ. ಪಾಸ್‌ವರ್ಡ್ ಟೈಪ್ ಮಾಡುವಾಗ ಏನೂ ಕಾಣಿಸಲ್ಲ, ಗಾಬರಿ ಬೇಡ, ಟೈಪ್ ಮಾಡಿ ಎಂಟರ್ ಒತ್ತಿ.

ಎರಡನೇದು: 'ಡಿಎಫ್ ಹೈಫನ್ ಎಚ್' ಕೊಡಿ. ರೂಟ್ ಪಾರ್ಟಿಷನ್ 100% ತುಂಬಿದ್ರೆ ಡೆಸ್ಕ್‌ಟಾಪ್ ಬರದೇ ಇರಬಹುದು, ಲಾಗಿನ್ ಆದ್ರೂ ಮತ್ತೆ ಲಾಗಿನ್ ಪರದೆಗೇ ವಾಪಸ್ ತಳ್ಳಬಹುದು. 'ಸುಡೊ ಆಪ್ಟ್ ಕ್ಲೀನ್' ಕೊಟ್ರೆ ಡೌನ್‌ಲೋಡ್ ಆಗಿ ಬಿದ್ದಿರೋ ಹಳೇ ಪ್ಯಾಕೇಜ್ ಫೈಲ್‌ಗಳು ಹೋಗ್ತವೆ, ಸ್ವಲ್ಪ ಜಾಗ ಸಿಗುತ್ತೆ.

ಮೂರನೇದು, ಹಳೇ ಕರ್ನಲ್. ಅಪ್‌ಡೇಟ್ ಹೊಸ ಕರ್ನಲ್ ತಂದ್ರೂ ಸಾಮಾನ್ಯವಾಗಿ ಹಿಂದಿನದನ್ನ ಉಳಿಸಿರುತ್ತೆ. ರೀಸ್ಟಾರ್ಟ್ ಮಾಡಿ, ಶುರುವಿನಲ್ಲೇ ಎಸ್ಕೇಪ್ ಒತ್ತಿ. ಹಳೇ ಬಯೋಸ್ ಮಷಿನ್ ಆದ್ರೆ ಶಿಫ್ಟ್ ಹಿಡ್ಕೊಳ್ಳಿ. ಗ್ರಬ್ ಮೆನು ಬರುತ್ತೆ. 'ಅಡ್ವಾನ್ಸ್ಡ್ ಆಪ್ಷನ್ಸ್'ಗೆ ಹೋಗಿ ಎರಡನೇ ಕರ್ನಲ್ ಆರಿಸಿ.

ನಮ್ಮ ಹುಡುಗನಿಗೆ ಇಲ್ಲಿ ಡೆಸ್ಕ್‌ಟಾಪ್ ಬಂತು. "ಮೊದಲು ಆ ಫೈಲ್‌ಗಳನ್ನ ಹೊರಗಿನ ಡಿಸ್ಕಿಗೆ ಹಾಕು, ರಿಪೇರಿ ಆಮೇಲೆ" ಅಂದೆ. ಈ ಕ್ರಮ ತಪ್ಪಿಸಬೇಡಿ.

ಹಳೇದು ನಡೆದು ಹೊಸದು ನಡೀಲಿಲ್ಲ ಅಂದ್ರೆ ಮೊದಲ ಅನುಮಾನ ಡ್ರೈವರ್ ಮೇಲೆ, ಅದ್ರಲ್ಲೂ ಎನ್ವಿಡಿಯಾ ಕಾರ್ಡ್ ಇದ್ರೆ. ಪ್ರತಿ ಕರ್ನಲ್‌ಗೂ ಅದರ ಮಾಡ್ಯೂಲ್ ಬೇರೆಯೇ ಬೇಕು. 'ಡಿಕೆಎಂಎಸ್ ಸ್ಟೇಟಸ್' ಕೊಟ್ಟಾಗ ಅವನ ಪಟ್ಟಿಯಲ್ಲಿ ಹೊಸ ಕರ್ನಲ್ಲೇ ಇರಲಿಲ್ಲ. ಅಪ್‌ಡೇಟ್ ನಡೀತಿರುವಾಗಲೇ ಬ್ಯಾಟರಿ ಖಾಲಿಯಾಗಿ ಲ್ಯಾಪ್‌ಟಾಪ್ ಆಫ್ ಆಗಿತ್ತಂತೆ. 'ಸುಡೊ ಡಿಪಿಕೆಜಿ, ಎರಡು ಹೈಫನ್ ಕಾನ್ಫಿಗರ್, ಹೈಫನ್ ಎ' ಕೊಡಿಸಿದೆ. ಅರ್ಧಕ್ಕೆ ನಿಂತ ಕೆಲಸ ಮುಗೀತು, ಮಾಡ್ಯೂಲೂ ತಯಾರಾಯ್ತು, ಹೊಸ ಕರ್ನಲ್ ಡೆಸ್ಕ್‌ಟಾಪ್ ತೋರಿಸ್ತು.

ಹಳೇ ಕರ್ನಲ್ಲೂ ಕೈಕೊಟ್ರೆ? ಫಾರ್ಮ್ಯಾಟಿಗೆ ಅಂತ ರೆಡಿ ಮಾಡಿದ ಅದೇ ಪೆನ್ ಡ್ರೈವ್ ಹಾಕಿ. ಆದ್ರೆ 'ಇನ್‌ಸ್ಟಾಲ್' ಬೇಡ, 'ಟ್ರೈ ಉಬುಂಟು' ಆರಿಸಿ. ಪೆನ್ ಡ್ರೈವಿಂದಲೇ ಸಿಸ್ಟಮ್ ಓಡುತ್ತೆ, ನಿಮ್ಮ ಡಿಸ್ಕ್ ತೆರೆದು ಫೈಲ್ ಎತ್ಕೊಳ್ಳಬಹುದು. ಎನ್‌ಕ್ರಿಪ್ಟ್ ಮಾಡಿದ್ರೆ ಅದರ ಪಾಸ್‌ವರ್ಡ್ ಬೇಕು.

ಕಂಪನಿ ಲ್ಯಾಪ್‌ಟಾಪ್ ಆದ್ರೆ ಇದ್ಯಾವುದೂ ನೀವೇ ಮಾಡ್ಬೇಡಿ, ಐಟಿ ಟೀಮಿಗೆ ಹೇಳಿ.

ಫಾರ್ಮ್ಯಾಟ್ ಅರ್ಧ ಗಂಟೆ ಕೆಲಸ, ಯಾವಾಗ ಬೇಕಾದ್ರೂ ಮಾಡ್ಬಹುದು. ಹೋದ ಕಾಗದ ಪತ್ರಕ್ಕೆ ರಜೆ ಹಾಕಿ, ಬಸ್ ಹತ್ತಿ, ತಾಲೂಕು ಕಚೇರಿ ಅಲೀಬೇಕು. ಇವತ್ತೇ ಒಂದು ಕಾಪಿ ಬೇರೆ ಡಿಸ್ಕಿಗೆ ಹಾಕಿಟ್ಕೊಳ್ಳಿ.